ಏಳನೇ ನಂಬರಿನ ಗಿಳಿಗೆ ನಾನು ಕಲಿಸಿದ ಎರಡು ಪಾಠ

ಕರೋನಾ ಮುಗಿದು ಊರಿನವರೆಲ್ಲ ಬಾಯಿಗೆ ಕಟ್ಟಿದ ಮಾಸ್ಕ್ ಬಿಚ್ಚಿದ ವರ್ಷವೇ ನನ್ನ ಬಾಯಿಗೆ ಬೀಗ ಬಿತ್ತು. ಅರವತ್ತಾರು ವರ್ಷ ಒಂದು ದಿನವೂ ಸುಮ್ಮನಿರದ ಬಾಯಿ ಅದು. ನಮ್ಮೂರು ಕೋಗಿಲಬನದಲ್ಲಿ ಯಾರನ್ನಾದರೂ ಕೇಳಿ ನೋಡಿ, ಈ ಪರಸಪ್ಪನಿಂದ ಒಮ್ಮೆಯಾದರೂ ಏಮಾರದ ಮನೆ ಇಲ್ಲ. ಮುಂಡಗೋಡ ತಾಲೂಕಿನ ಪಾಳಾದಲ್ಲಿ ನನ್ನ ಮಾವನ ಮನೆ. ಮದುವೆಯಾದ ಹೊಸದರಲ್ಲಿ, ಜ್ವರ ಬಂದು ಕಿವಿ ಹೋಗಿದೆ ಎಂದು ಹೆಂಡತಿಯಿಂದಲೇ ಹೇಳಿಸಿ, ಅಲ್ಲಿ ಮೂರು ದಿನ ಕಿವುಡನಾಗಿ ಕೂತಿದ್ದೆ. ಅತ್ತೆ, ಅತ್ತೆಯ ತಂಗಿ, ನಾದಿನಿಯರು ನನ್ನ ಎದುರಿಗೇ ನನ್ನ ಮೂಗು, ನಡಿಗೆ, ಊಟ ಎಲ್ಲವನ್ನೂ ಅಳೆದು ತೂಗಿದರು. ನಾಲ್ಕನೆಯ ದಿನ ಹೊರಡುವಾಗ ಅಷ್ಟನ್ನೂ ಅವರವರ ದನಿಯಲ್ಲೇ ಒಪ್ಪಿಸಿ ಬಂದೆ. ನಮ್ಮತ್ತೆ ಸಾಯುವ ತನಕ ನನ್ನೆದುರು ಸೆರಗು ಬಾಯಿಗೆ ಹಿಡಿದೇ ಮಾತಾಡಿದಳು.

ಮರ ಹತ್ತುವುದರಲ್ಲೂ ನನಗೆ ಸಮ ಇರಲಿಲ್ಲ. ಹರೆಯದಲ್ಲಿ ಯಾವ ಮರದ ಪೊಟರೆಯಲ್ಲಿ ಗಿಳಿ ಮರಿ ಮಾಡಿದೆ ಎಂದು ಕೆಳಗೆ ನಿಂತೇ ಹೇಳುತ್ತಿದ್ದೆ. ಹತ್ತಿ, ಕೈ ಹಾಕಿ, ಮರಿ ತೆಗೆದು, ಹಳಿಯಾಳದ ಸಂತೆಯಲ್ಲಿ ಕೇಳಿದವರಿಗೆ ಕೊಟ್ಟು ಬರುತ್ತಿದ್ದೆ. ಅದು ತಪ್ಪು ಎಂದು ಆಗ ಗೊತ್ತಿರಲಿಲ್ಲ ಅಂದರೆ ಅದೂ ನನ್ನ ಸುಳ್ಳುಗಳಲ್ಲಿ ಒಂದಾದೀತು. ಫಾರೆಸ್ಟಿನವರು ಎರಡು ಸಲ ಹಿಡಿದು ಕೂರಿಸಿದ್ದರು.

ಮಾಸ್ಕ್ ಬಿಚ್ಚಿದ ಆ ವರ್ಷ ದಾಂಡೇಲಿಯಿಂದ ಜೋಯಿಡಾ ಕಡೆ ಹೋಗುವ ರಸ್ತೆಯಲ್ಲಿ, ಕಾಡಿನ ಅಂಚಿಗೆ, ರಾಜಗಿಳಿಗಳ ಒಂದು ಸಣ್ಣ ಕೇಂದ್ರ ಶುರುವಾಯಿತು. ರಾಜಗಿಳಿ ಅಂದರೆ ಹೆಗಲ ಮೇಲೆ ಕೆಂಪು ಪಟ್ಟಿ ಇರುವ ದೊಡ್ಡ ಗಿಳಿ. ನನ್ನಂಥವರ ಕೈ ಗುಣದಿಂದ ಅದು ಕಾಡಿನಲ್ಲಿ ಅಪರೂಪವಾಗಿ ಬಿಟ್ಟಿತ್ತು. ಮಾರುವವರ ಕೈಯಿಂದ ಬಿಡಿಸಿ ತಂದ ಗಿಳಿಗಳನ್ನು ಅಲ್ಲಿ ಜೋಡಿ ಮಾಡಿ ಮರಿ ಮಾಡಿಸುವುದು, ಮರಿ ದೊಡ್ಡದಾದ ಮೇಲೆ ಕಾಡಿಗೆ ಬಿಡುವುದು, ಇದು ಕೆಲಸ. ನಿಜವಾದ ಪೊಟರೆಯಂಥ ಗೂಡು ಮಾಡಿಕೊಡುವವರು ಬೇಕಾಗಿತ್ತು. ಹುಡುಕಿ ಹುಡುಕಿ ಕಳ್ಳನನ್ನೇ ಕರೆದರು.

ಕೇಂದ್ರ ನೋಡಿಕೊಳ್ಳುವವರು ಧಾರವಾಡದ ಕಡೆಯ ಒಬ್ಬ ದನದ ಡಾಕ್ಟರು, ಹೆಣ್ಣುಮಗಳು. ನಾವು ಡಾಕ್ಟರಬಾಯಿ ಅನ್ನುತ್ತಿದ್ದೆವು. ಗಿಳಿಗಳಿಗೆ ಹಣ್ಣು ಹೆಚ್ಚುವುದು, ಕಾಳು ನೆನೆಸುವುದು ಜುಲಿಯಾನಾಳ ಪಾಲು. ಅವಳು ಹಳಿಯಾಳದ ಹತ್ತಿರದ ಸಿದ್ದಿಯರ ಹಳ್ಳಿಯವಳು, ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ನಾಲಗೆಯಲ್ಲಿ ಮಾತ್ರ ನನಗಿಂತ ಹಿರಿಯಳು.

“ಕಾಕಾ, ಇಲ್ಲಿ ಮೂರ ಕಾಯ್ದೆ ಐತ್ರಿ,” ಎಂದರು ಡಾಕ್ಟರಬಾಯಿ ಮೊದಲ ದಿನ. “ಪಂಜರದ ಹತ್ರ ಮಾತಾಡೂ ಹಂಗಿಲ್ಲ. ಕೈಯಿಂದ ತಿನಸೂ ಹಂಗಿಲ್ಲ. ಹೆಸರು ಇಟ್ಟು ಕರಿಯೂ ಹಂಗಿಲ್ಲ.”

“ಮತ್ತ ಸೀನು ಬಂದ್ರ ಏನ್ಮಾಡ್ಲಿರಿ ಬಾಯಾರ?”

“ಹೊರಗ ಹೋಗಿ ಸೀನ್ರಿ.”

ಪೇರಲ ಹಣ್ಣು ಹೆಚ್ಚುತ್ತಿದ್ದ ಜುಲಿಯಾನಾ ತಲೆ ಎತ್ತಲಿಲ್ಲ. “ಬಾಯಾರ, ಗಿಣಿ ಹೊರಗ ಬಿಟ್ಟು ಈ ಕಾಕಾನ್ನ ಒಳಗ ಹಾಕ್ರಿ. ಎಲ್ಲಾರಿಗೂ ಚಲೋ ಆಗ್ತೈತಿ.”

ಮುಂದಿನ ಚಳಿಗಾಲದ ಕೊನೆಗೆ ನಾನು ಕೊರೆದ ಗೂಡುಪೆಟ್ಟಿಗೆಗಳಲ್ಲಿ ಏಳು ಮರಿಗಳಾದವು. ಒಂದೊಂದರ ಕಾಲಿಗೂ ನಂಬರಿನ ಬಳೆ. ಏಳನೆಯದು ಕೊನೆಗೆ ಹುಟ್ಟಿದ್ದು, ಕೃಶ. ಉಳಿದ ಆರೂ ತಟ್ಟೆಯ ಹತ್ತಿರ ಅದನ್ನು ಬರಗೊಡುತ್ತಿರಲಿಲ್ಲ. ಯಾರೂ ಇಲ್ಲದಾಗ ನಾನು ಜಾಲರಿಯ ಸಂದಿನಿಂದ ಪೇರಲ ಹೋಳು ತೂರಿಸತೊಡಗಿದೆ. ಅದು ಕತ್ತು ವಾರೆ ಮಾಡಿ ನನ್ನ ಮೀಸೆಯನ್ನೇ ನೋಡುತ್ತಾ ತಿನ್ನುತ್ತಿತ್ತು. ನಾನು ಏನೋ ಅಂದರೆ ಇನ್ನೂ ಹತ್ತಿರ ಸರಿದು ಕೇಳುತ್ತಿತ್ತು. ಹಾಗೆ ಕೇಳುವವರು ಸಿಕ್ಕರೆ ನನ್ನ ಬಾಯಿ ಎಷ್ಟು ದಿನ ತಡೆದೀತು?

ಮಳೆಗಾಲ ಪೂರ್ತಿ ದಿನಾ ಬೆಳಿಗ್ಗೆ ಜುಲಿಯಾನಾ ಬರುವುದಕ್ಕೆ ಮುಂಚೆ ಅದಕ್ಕೆ ಪಾಠ ಮಾಡಿದೆ. ಗುಟ್ಟಾಗಿ. ಡಾಕ್ಟರಬಾಯಿಯನ್ನು ಒಮ್ಮೆ ಬೆಚ್ಚಿಬೀಳಿಸಿ ನಗಿಸಬೇಕು, ಅಷ್ಟೇ ನನ್ನ ಉದ್ದೇಶ. ಮೂರು ಕಾಯ್ದೆಯಲ್ಲಿ ಎರಡು ಮುರಿದಿದ್ದೆ. ಹೆಸರು ಇಡಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಚೌತಿ ಮುಗಿದ ವಾರ ಡಾಕ್ಟರಬಾಯಿ ಮರಿಗಳ ತೂಕ ಬರೆದುಕೊಳ್ಳಲು ಬಂದರು. ಏಳನೆಯದರ ಮುಂದೆ ನಿಂತು ಪೆನ್ನಿನ ಟೋಪಿ ತೆಗೆದರೋ ಇಲ್ಲವೋ, ಅದು ಸ್ಪಷ್ಟವಾಗಿ ಕೇಳಿತು:

“ಬಾಯಾರ, ಚಾ ಆತೇನ್ರಿ?”

ನನ್ನದೇ ದನಿ. ಕೊನೆಗೆ ನನ್ನ ಕೆಮ್ಮು ಕೂಡ ಇತ್ತು.

ನಾನು ನಗಲು ತಯಾರಾಗಿ ಕಾದೆ. ಡಾಕ್ಟರಬಾಯಿ ನಗಲಿಲ್ಲ. ಅಲ್ಲೇ ಬಿದ್ದಿದ್ದ ಬಕೆಟ್ಟು ಬೋರಲು ಹಾಕಿ ಕೂತುಬಿಟ್ಟರು.

“ಯಾರ ಕಲಿಸಿದ್ದು ಅಂತ ಕೇಳೂದಿಲ್ರಿ. ಕೆಮ್ಮು ಸೈತ ನಿಮ್ದ ಐತಿ.”

“ಚ್ಯಾಷ್ಟಿಗೆ ಮಾಡಿದ್ನಿರಿ ಬಾಯಾರ.”

“ಗೊತ್ತೈತ್ರಿ. ಇದನ್ನ ಕಾಡಿಗೆ ಬಿಟ್ರ ಯಾರದರ ಮನಿ ಕಟ್ಟಿ ಮ್ಯಾಲೆ ಬಂದು ಕುಂತು ಹಿಂಗ ಕೇಳ್ತೈತಿ. ಅವರು ಬಾ ಬಾ ಅಂತ ಒಳಗ ಕರದು ಪಂಜರದಾಗ ಹಾಕ್ತಾರ. ಎರಡ ದಿನದ ಮಾತು. ಮನಷ್ಯಾರ ಹತ್ರ ಬರೂ ಗಿಣಿ ಬಿಡಾಕ ಬರೂದಿಲ್ಲ ಕಾಕಾ. ಝೂಕ್ಕ ಕಳಸಬೇಕು.” ಪೆನ್ನಿಗೆ ಟೋಪಿ ಹಾಕುತ್ತಾ ಅಂದರು, “ಮೂವತ್ತು ವರ್ಷ ಬದಕ್ತೈತ್ರಿ ಇದು.”

ನಾನು ಲೆಕ್ಕ ಹಾಕಿದೆ. ನಾನು ಸತ್ತ ಮೇಲೂ ಎಷ್ಟೋ ವರ್ಷ ಇದು ಜಾಲರಿಯ ಹಿಂದೆ ಕೂತು, ನನ್ನ ದನಿಯಲ್ಲಿ, ಬಂದು ಹೋಗುವವರನ್ನೆಲ್ಲ ಚಾ ಆಯಿತೇ ಎಂದು ಕೇಳುತ್ತಿರುತ್ತದೆ. ನನ್ನ ಚೇಷ್ಟೆಗಳಲ್ಲಿ ಇಷ್ಟು ದಿನ ಬಾಳುವಂಥದ್ದು ಬೇರೊಂದು ಇರಲಿಲ್ಲ. ಮೊದಲ ಸಲ ಅದರಲ್ಲಿ ನನಗೆ ಹೆಮ್ಮೆ ಅನಿಸಲಿಲ್ಲ.

ಝೂಗೆ ಕಳಿಸಬೇಡಿ ಎಂದು ಕೈ ಮುಗಿದು ಕೇಳಿಕೊಂಡೆ. ಅವರು ದೀಪಾವಳಿ ತನಕ ಟೈಮ್ ಕೊಟ್ಟರು. ಉಳಿದ ಆರು ಮರಿಗಳನ್ನು ಆಗ ಬಿಡುವುದಿತ್ತು. ಏಳನೆಯದು ಅಷ್ಟರಲ್ಲಿ ಜನರಿಗೆ ಹೆದರುವುದು ಕಲಿತರೆ ಅವುಗಳ ಜೊತೆ ಕಾಡಿಗೆ, ಇಲ್ಲದಿದ್ದರೆ ಝೂಗೆ. ಅಲ್ಲಿಯ ತನಕ ಅದಕ್ಕೆ ಬೇರೆ ಪಂಜರ, ಮುಂದೆ ಒಂದು ಪರದೆ.

ಕಲಿಸಿದ ಮಾತನ್ನು ಮರೆಸಲು ಬರುವುದಿಲ್ಲ. ಆದರೆ ಒಂದು ಸಂಗತಿ ನನಗೆ ಗೊತ್ತಿತ್ತು. ಹಿಂದೆ ನಾನು ಮರಿ ಕದ್ದ ಜೋಡಿಗಳು, ಮಾರನೇ ವರ್ಷ ನಾನು ಬರೀ ಕೈಯಲ್ಲಿ ಮರದ ಕೆಳಗೆ ಹಾದರೂ ಕಿರುಚಿ ಕಾಡು ಎಬ್ಬಿಸುತ್ತಿದ್ದವು. ನನ್ನ ಜೊತೆಗಿದ್ದವರಿಗೆ ಏನೂ ಅನ್ನುತ್ತಿರಲಿಲ್ಲ. ಒಮ್ಮೆ ಹೆದರಿದ ಗಿಳಿ ಹೆದರಿಸಿದವನನ್ನು ಮರೆಯುವುದಿಲ್ಲ.

“ಚಾ ಆತೇನ್ರಿ ಅಂತ ನಾನ ಅಂದು, ಬಲೆ ಹಾಕಿ ಹಿಡಿತೇನ್ರಿ,” ಎಂದೆ ಡಾಕ್ಟರಬಾಯಿಗೆ. “ಹತ್ತು ಎಣಿಸಿ ಬಿಡೂದು. ಮನಷ್ಯಾ ಮಾತಾಡಿದ ಅಂದ್ರ ಬಲೆ ಬಂತು ಅಂತ ಅದರ ತಲ್ಯಾಗ ಕುಂದ್ರಬೇಕು.”

ಅವರು ಒಂದು ದಿನ ಯೋಚಿಸಿ ಒಪ್ಪಿದರು. ರೆಕ್ಕೆಗೆ ಪೆಟ್ಟಾಗಬಾರದು, ಟವೆಲ್ಲಿನಲ್ಲೇ ಹಿಡಿಯಬೇಕು, ತಾನು ಪರದೆಯ ಹಿಂದೆ ನಿಂತು ನೋಡುತ್ತೇನೆ ಎಂದರು.

ಒಬ್ಬನಿಗೆ ಹೆದರಿದರೆ ಸಾಲದು, ಎಲ್ಲ ಮನುಷ್ಯರಿಗೂ ಹೆದರಬೇಕಲ್ಲ. ಹಾಗಾಗಿ ದಿನಕ್ಕೊಂದು ವೇಷ ಹಾಕಿದೆ. ವೇಷ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ನಾಲ್ಕೂ ಕಡೆ ಇಲ್ಲ. ಒಂದು ದಿನ ರೇನ್‌ಕೋಟು, ಒಂದು ದಿನ ಕೇಂದ್ರದ ಜೀಪಿನ ಡ್ರೈವರನ ಖಾಕಿ, ಒಂದು ದಿನ ತಲೆಗೆ ಗೋಣಿಚೀಲದ ಕೊಪ್ಪೆ, ಒಂದು ದಿನ ಹೆಂಡತಿಯ ಸೀರೆ ಉಟ್ಟು ಸೆರಗು ಹೊದ್ದೆ. ಮೀಸೆ ಮುಚ್ಚಲು ಕರೋನಾ ಕಾಲದ ಮಾಸ್ಕುಗಳಿದ್ದವು. ವಾರ ಕಳೆಯುವಷ್ಟರಲ್ಲಿ ಅದು ‘ಚಾ’ ಎನ್ನುವಷ್ಟಕ್ಕೇ ಮೇಲಿನ ಕೋಲಿಗೆ ಹಾರತೊಡಗಿತು. ಇಪ್ಪತ್ತು ದಿನಕ್ಕೆ ತಾನೇ ಆ ಮಾತು ಆಡುವುದನ್ನು ಬಿಟ್ಟಿತು. ಡ್ರೈವರ್ ಬಂದರೂ, ಜುಲಿಯಾನಾ ಬಂದರೂ ಕಿರುಚಿ ಮೂಲೆ ಸೇರುತ್ತಿತ್ತು. ಡಾಕ್ಟರಬಾಯಿ ಪುಸ್ತಕದಲ್ಲಿ ಸರಿ ಗುರುತು ಹಾಕಿದರು.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಸಂಜೆ ಅವರು ಹೋದ ಮೇಲೆ ನಾನು ವೇಷ ಕಳಚಿ, ನನ್ನ ಸ್ವಂತ ಮುಖದಲ್ಲಿ, ಬಾಯಿ ಬಿಡದೆ ಪೇರಲ ತೆಗೆದುಕೊಂಡು ಹೋಗುತ್ತಿದ್ದೆ. ಅದು ಕೋಲಿನ ಮೇಲೆ ಸರಿದು ಸರಿದು ಬಂದು ನನ್ನ ಬೆರಳಿನಿಂದಲೇ ತಿನ್ನುತ್ತಿತ್ತು. ಬೆಳಿಗ್ಗೆ ಹಿಡಿದವನು ಬೇರೆ, ಇವನು ಬೇರೆ ಎಂದುಕೊಂಡಿತ್ತು ಪಾಪ. ನನ್ನ ವೇಷ ಅಷ್ಟು ಚೊಕ್ಕ.

ಮರೆತ ಡಬ್ಬಿಗೆಂದು ವಾಪಸು ಬಂದ ಜುಲಿಯಾನಾ ಒಂದು ಸಂಜೆ ನೋಡಿಬಿಟ್ಟಳು.

“ವೇಷ ಹಾಕ್ಕೊಂಡು ಹೆದರಸ್ತಿ, ವೇಷ ತಗದು ಪೇರಲ ತಿನಸ್ತಿ,” ಎಂದಳು. “ಯಾರಿಗೆ ಮಾಡಾಕತ್ತಿ ಕಾಕಾ ಈ ಮೋಸ?”

“ನನ್ನೊಬ್ಬನ ಹತ್ರ ಬಂದ್ರ ಏನ ಆತು ಬಿಡ ಜೂಲಿ. ನಾ ಏನ ಹಿಡಿಯಾಂವ ಅಲ್ಲ.”

“ನೀ ಹಿಡಿಯಾಂವ ಅಲ್ಲ? ಹಳಿಯಾಳ ಸಂತ್ಯಾಗ ನಮ್ಮಪ್ಪ ಗಿಣಿಮರಿ ತಂದಿದ್ದು ಯಾರ ಕಡಿಂದ ಅಂತ ನನಗ ಗೊತ್ತೈತಿ. ನಿನ್ನಂಥಾದ್ದ ಬಿಳಿ ಮೀಸಿ ಮುದುಕ ಪೇರಲ ಹಿಡಕೊಂಡು ಬಂದ್ರ, ಇಂವ ನಮ್ಮ ಕಾಕಾ ಅಲ್ಲ ಅಂತ ಅದಕ್ಕ ಹೆಂಗ ಗೊತ್ತಾಗ್ಬೇಕು?”

ನಾನು ಕೈಯಲ್ಲಿದ್ದ ಹೋಳನ್ನು ಜೇಬಿಗೆ ಹಾಕಿಕೊಂಡೆ. ಅವಳು ಡಬ್ಬಿ ತೆಗೆದುಕೊಂಡು, “ನಾಳೆ ನೀನ ಬಾಯಾರಿಗೆ ಹೇಳ. ಇಲ್ಲಾಂದ್ರ ನಾ ಹೇಳ್ತೇನಿ,” ಎಂದು ಹೋದಳು.

ಮರುದಿನ ಬೆಳಿಗ್ಗೆ ನಾನೇ ಹೇಳಿದೆ. ಡಾಕ್ಟರಬಾಯಿ ಬೈಯಲಿಲ್ಲ. ಬಲೆ ತಂದು ಕೈಗೆ ಕೊಟ್ಟರು, ಅಷ್ಟೇ.

ಮಾಸ್ಕು ಇಲ್ಲದೆ, ಕೊಪ್ಪೆ ಇಲ್ಲದೆ ಒಳಗೆ ಹೋದೆ. ಏಳನೆಯದು ನನ್ನನ್ನು ಕಂಡು ಕೋಲಿನ ತುದಿಗೆ ಸರಿದು ಬಂತು. ಕೈಯಲ್ಲಿ ಹೋಳು ಇದೆಯೇ ಎಂದು ಕತ್ತು ವಾರೆ ಮಾಡಿತು. “ಚಾ ಆತೇನ್ರಿ” ಎಂದೆ. ಅದು ಹೌಹಾರಿತು, ಆದರೆ ನನ್ನ ಮುಖ ನೋಡಿ ಹಾರಲಿಲ್ಲ. ಬಲೆ ಹಾಕಿದೆ. ಟವೆಲ್ಲಿನಲ್ಲಿ ಸುತ್ತಿ, ಅದರ ಕಣ್ಣಿಗೆ ನನ್ನ ಮುಖ ಪೂರ್ತಿ ಕಾಣುವಂತೆ ಹಿಡಿದೆ. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಟವೆಲ್ಲಿನ ಮೇಲಿಂದ ಎಣಿಸಬಹುದಿತ್ತು. ಅದು ನನ್ನ ಹೆಬ್ಬೆರಳನ್ನು ಎಲುಬಿನ ತನಕ ಕಚ್ಚಿತು. ಎಂಟಕ್ಕೇ ಬಿಟ್ಟಿರಿ ಎಂದು ಡಾಕ್ಟರಬಾಯಿ ಇವತ್ತಿಗೂ ಹೇಳುತ್ತಾರೆ. ನಾನು ಹತ್ತೂ ಎಣಿಸಿದ್ದೇನೆ.

“ಆಸ್ಪತ್ರಿಗೆ ಹೋಗ್ರಿ ಕಾಕಾ, ಹೊಲಿಗಿ ಹಾಕಬೇಕು. ನಾ ದನಾ ಹೊಲಿಯಾಕಿ.”

“ನನ್ನ ಹೆಂಡ್ತಿ ಕೇಳಿದ್ರ ಏನೂ ಫರಕ ಇಲ್ಲಂತಾಳ್ರಿ. ನೀವ ಹೊಲೀರಿ.”

ಅವರು ಆಗ ನಕ್ಕರು. ಆದರೂ ಆಸ್ಪತ್ರೆಗೇ ಕಳಿಸಿದರು. ಕೈಗೆ ಪಟ್ಟಿ ಕಟ್ಟಿಕೊಂಡು ಇನ್ನೆರಡು ದಿನ ಹಾಗೇ ಹಿಡಿದೆ. ನಾಲ್ಕನೆಯ ದಿನ ನಾನು ಪರದೆ ಸರಿಸಿದ್ದಷ್ಟೇ, ಅದು ಆ ಕಡೆಯ ಜಾಲರಿಗೆ ಹೋಗಿ ಅಪ್ಪಳಿಸಿತು. ಪರದೆ ಮುಚ್ಚಿ ಹೊರಗೆ ಬಂದೆ. ಆಮೇಲೆ ಆ ಕಡೆ ಹೋಗಲಿಲ್ಲ. ಅದನ್ನು ಮತ್ತೆ ಉಳಿದವುಗಳ ಜೊತೆ ಸೇರಿಸಿದರು. ಜುಲಿಯಾನಾ ಊಟದ ಹೊತ್ತಿಗೆ ನನ್ನ ಡಬ್ಬಿಯಲ್ಲಿ ಒಣಮೀನಿನ ಚಟ್ನಿ ಹಾಕಿದಳು.

ದೀಪಾವಳಿಯ ಮರುವಾರ ಬಿಡುವ ದಿನ ಬಂತು. ಬೆಳಗಿನ ಎಳೆ ಬಿಸಿಲು. ಪಂಜರದ ಮೇಲಿನ ಬಾಗಿಲನ್ನು ಹಗ್ಗದಿಂದ ಎಳೆದು ತೆಗೆದರು. ನನ್ನನ್ನು ಜೀಪಿನ ಹಿಂದೆ ಕೂತಿರಲು ಹೇಳಿದ್ದರು. ಒಂದು, ಎರಡು ಎಂದು ಆರೂ ಹೊರಬಿದ್ದು ಎದುರಿನ ಸಾಗವಾನಿ ಮರ ಸೇರಿದವು. ಏಳನೆಯದು ಬಾಗಿಲಿನ ಅಂಚಿಗೆ ಬಂದು ಕೂತಿತು. ಹೊರಗೆ ನೋಡಿತು, ಒಳಗಿನ ತಟ್ಟೆ ನೋಡಿತು. ಅರ್ಧ ಗಂಟೆಯಾದರೂ ಕದಲಲಿಲ್ಲ. ಅತ್ತ ಆರೂ ಮುಂದಿನ ಮರಕ್ಕೆ ಹೋದವು.

“ಅವು ದೂರ ಹೋದ್ವು ಅಂದ್ರ ಇದು ಒಂಟಿ ಆಗ್ತೈತಿ,” ಎಂದರು ಡಾಕ್ಟರಬಾಯಿ ಮೆಲ್ಲಗೆ. “ವಾಪಸು ತಟ್ಟಿಗೆ ಇಳೀತು ಅಂದ್ರ ಮುಗೀತು.” ಆಮೇಲೆ ನನ್ನ ಕಡೆ ತಿರುಗಿದರು. “ಕಾಕಾ, ಮುಂದ ಬರ್ರಿ.”

ನನಗೆ ಮನಸ್ಸಿರಲಿಲ್ಲ. ಆದರೂ ಎದ್ದು, ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು, ಬಿಸಿಲಿಗೆ ಬಂದು ನಿಂತೆ. ಏಳನೆಯದು ಕತ್ತು ತಿರುಗಿಸಿ ನನ್ನನ್ನು ಕಂಡಿತು. ಕಾಡು ಒಡೆಯುವ ಹಾಗೆ ಕಿರುಚಿ ಹಾರಿತು. ಆ ಆರೂ ಅದರ ಕಿರುಚಾಟಕ್ಕೆ ಎದ್ದವು. ಏಳೂ ಒಟ್ಟಾಗಿ ಮರಗಳ ಮೇಲಿಂದ ಹಾದು ಹೋದವು.

ಜುಲಿಯಾನಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. “ಕಾಕಾನ ಮುಖ ಕೆಲಸಕ್ಕ ಬಂತು ನೋಡ್ರಿ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ಮೂರು ತಿಂಗಳ ಮೇಲೆ ನಮ್ಮೂರಿನ ಹೊಳೆ ದಂಡೆಯ ಬೂರುಗದ ಮರ ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟಿತ್ತು. ಕಿರಾಣಿ ಅಂಗಡಿಗೆಂದು ಹೆಂಡತಿಯ ಜೊತೆ ಹೊರಟಿದ್ದೆ. ಹೂವಿನ ತುಂಬ ರಾಜಗಿಳಿಗಳು. ಕೆಲವುಗಳ ಕಾಲಿನಲ್ಲಿ ಬಳೆ ಮಿನುಗಿತು. ನಂಬರು ಓದುವಷ್ಟು ನನ್ನ ಕಣ್ಣು ಚೂಪಿಲ್ಲ, ಓದುವ ಅಗತ್ಯವೂ ಬೀಳಲಿಲ್ಲ. ಒಂದು ಗಿಳಿ ಹೂವಿನಿಂದ ಕೊಕ್ಕು ತೆಗೆದು ನನ್ನನ್ನು ನೋಡಿತು, ಕಿರುಚಿತು, ಮರವೆಲ್ಲ ಖಾಲಿಯಾಯಿತು. ಹೊಳೆಯ ಆಚೆ ದಡದಲ್ಲಿ ಹೋಗಿ ಕೂತವು.

ನಾನು ತಲೆ ಎತ್ತಿಕೊಂಡೇ ನಿಂತಿದ್ದೆ. ಹೆಂಡತಿ ಚೀಲ ಬದಲಾಯಿಸಿ ಹಿಡಿದು, “ನಡೀರಿ ಇನ್ನ,” ಎಂದಳು. “ನೀವು ಇಲ್ಲಿ ನಿಂತ್ರ ಅವು ಇಳಿಯೂದಿಲ್ಲ. ಹಸದಿರ್ತಾವ.”

ಅಂದಿನಿಂದ ಬೂರುಗ ಹೂ ಬಿಟ್ಟಿರುವಷ್ಟು ದಿನ ನಾನು ಹೊಳೆ ದಂಡೆಯ ದಾರಿ ಬಿಟ್ಟು, ಶಾಲೆಯ ಹಿಂದಿನಿಂದ ಸುತ್ತು ಹಾಕಿ ಅಂಗಡಿಗೆ ಹೋಗುತ್ತೇನೆ. ಮೊಣಕಾಲು ನೋಯುತ್ತದೆ, ಆದರೂ ಹೋಗುತ್ತೇನೆ. ಯಾಕೆ ಎಂದು ಕೇಳಿದವರಲ್ಲಿ ಒಬ್ಬರಿಗೆ ದಂಡೆಯಲ್ಲಿ ಮೊಸಳೆ ಮಲಗಿದೆ ಎಂದಿದ್ದೇನೆ, ಇನ್ನೊಬ್ಬರಿಗೆ ಶುಗರಿಗೆ ನಡೆಯಲು ಡಾಕ್ಟರು ಹೇಳಿದ್ದಾರೆ ಎಂದಿದ್ದೇನೆ, ಮತ್ತೊಬ್ಬರಿಗೆ ಶಾಲೆಯ ಹಿಂದೆ ಬಂಗಾರದ ಉಂಗುರ ಕಳೆದಿದೆ ಎಂದಿದ್ದೇನೆ. ಆ ಕೊನೆಯವರು ಇನ್ನೂ ಹುಡುಕುತ್ತಿದ್ದಾರೆ. ನಿಜ ಹೇಳಿದ್ದು ಇಲ್ಲೇ ಮೊದಲು.