ಚಿಗವ್ವನ ಶುಕ್ರವಾರದ ಸಿಟ್ಟು

ಮೊನ್ನೆ ಸೊಸೆ ಚಟ್ನಿಗೆಂದು ಗುರೆಳ್ಳು ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಿಗವ್ವ ನೆನಪಾದಳು. ಗುರೆಳ್ಳು ಕುಟ್ಟುತ್ತಲೇ ಓಣಿಯನ್ನೆಲ್ಲ ಬೈಯುತ್ತಿದ್ದವಳು…

ನಾನು ಆ ಊರಿಗೆ ಸೊಸೆಯಾಗಿ ಹೋದಾಗ ನಿಜಾಮನ ರಜಾಕಾರರ ಗದ್ದಲ ಮುಗಿದು ಎರಡು ವರ್ಷವಾಗಿತ್ತು. ಚಿಗವ್ವನ ಬಾಯಿ ಬೊಂಬಾಯಿ. ಕೋಳಿ ಅಂಗಳ ದಾಟಿದರೂ ಜಗಳ, ನೀರು ಚೆಲ್ಲಿದರೂ ಜಗಳ. ಆಕೆಯ ಗಂಡ ದೂರದಲ್ಲೆಲ್ಲೋ ದುಡಿಯುತ್ತಾನೆ ಎಂದುಕೊಂಡಿದ್ದೆ. ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಶ್ರಾವಣ ಬಂತು. ಶುಕ್ರವಾರ ಮನೆಮನೆಗೆ ಹೋಗಿ ಮುತ್ತೈದೆಯರನ್ನು ಉಡಿ ತುಂಬಿಸಿಕೊಳ್ಳಲು ಕರೆಯುವುದು ಸೊಸೆಯ ಕೆಲಸ. ಅತ್ತೆ, “ಚಿಗವ್ವನ ಮನಿ ಒಂದು ಬಿಡವಾ” ಅಂದರು. ಬಾಯಿಗೆ ಅಂಜಿ ಬಿಡುತ್ತಾರೆಂದು ತಿಳಿದು ನಾನೂ ಸಂತೋಷದಿಂದಲೇ ಬಿಟ್ಟೆ.

ಎರಡನೆಯ ಶುಕ್ರವಾರ ಆಕೆಯ ಬಾಗಿಲ ಮುಂದೆಯೇ ಹಾದು ಆಚೆ ಮನೆಯವರನ್ನು ಕರೆದು ಬಂದೆ. ತಿರುಗಿ ಬರುವಷ್ಟರಲ್ಲಿ ಒದರಾಟ ಶುರುವಾಗಿತ್ತು. “ನಿಮ್ಮ ಕಾಳಿನ ಧೂಳೆಲ್ಲ ನಮ್ಮ ಮನ್ಯಾಗ ಬಂದೈತಿ!” ನನ್ನ ನಾಲಿಗೆಯೂ ಕಡಿಮೆಯದಲ್ಲ. “ಈ ಬಾಯಿಗೆ ಅಂಜೇ ನಿಮ್ಮ ಗಂಡ ಊರು ಬಿಟ್ಟಾನೇನ್ರೀ?” ಅಂದುಬಿಟ್ಟೆ.

ಚಿಗವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ನನ್ನ ಕೈ ಹಿಡಿದು ಒಳಗೆಳೆದುಕೊಂಡು ಹೇಳಿದರು. ರಜಾಕಾರರ ಗದ್ದಲದಾಗ ಚಿಗವ್ವನ ಗಂಡ ಹೊಳೆ ದಾಟಿ ಆಚೆ ಸೀಮೆಗೆ ಹೋದವನು, ಇವತ್ತಿಗೂ ಪತ್ತೆಯಿಲ್ಲ. “ಕರದ್ರ ಆತ ಅದಾನ ಅಂದಂಗ, ಬಿಟ್ರ ಸತ್ತಾನ ಅಂದಂಗ. ನಾವು ಏನಂತ ಹೇಳೂನವಾ?” ಏನೂ ಹೇಳಲಾರದೆ ಓಣಿಯವರೆಲ್ಲ ಆ ಬಾಗಿಲು ಬಿಟ್ಟು ನಡೆದಿದ್ದರು. ಆಕೆ ಕಿರುಚಾಡುವುದು ಶುಕ್ರವಾರಗಳಲ್ಲೇ ಹೆಚ್ಚು ಎಂಬುದು ಆಗ ಹೊಳೆಯಿತು. ನನಗೆ ನನ್ನ ಮೇಲೇ ಹೇಸಿಕೆಯಾಯಿತು.

ಮುಂದಿನ ಶುಕ್ರವಾರ ಅತ್ತೆಗೆ ಹೇಳದೆ ಅಕ್ಕಿ, ಬೆಲ್ಲ, ಕುಂಕುಮ ಹಿಡಿದು ಆಕೆಯ ಮನೆಗೇ ಹೋದೆ.

“ನಾಳೆ ಕೆಟ್ಟ ಸುದ್ದಿ ಬಂದ್ರ ಈ ಕುಂಕುಮ ನೀ ಬಂದು ಒರಸ್ತೀಯೇನು?” ಅಂದಳು.

“ಇವತ್ತರ ಬಂದಿಲ್ಲಲ್ರೀ, ಚಿಗವ್ವ.”

ಚಿಗವ್ವ ಬಾಗಿಲಿಂದ ಸರಿದು ನನ್ನನ್ನು ಒಳಗೆ ಬಿಟ್ಟಳು. ಆಮೇಲೆ ಸೆರಗು ಒಡ್ಡಿದಳು. ಆಕೆ ಹಿಡಿದ ಸೆರಗಿನ ತುದಿ ಸಡಿಲಾಗಿ ಅಕ್ಕಿ ನೆಲಕ್ಕೆ ಬಿದ್ದವು. “ಮೆತ್ತಗ ಹಾಕವಾ, ಚೆಲ್ಲಾಕತ್ತಾವ!” ಎಂದು ನನ್ನನ್ನೇ ಗದರಿದಳು. ಕಣ್ಣು ಮಾತ್ರ ತುಂಬಿದ್ದವು…

ಕೆಲವು ವರ್ಷದ ಮೇಲೆ ಆಕೆಯ ತಮ್ಮ ಬಂದು ಲಿಂಗಸುಗೂರಿಗೆ ಕರೆದುಕೊಂಡು ಹೋದ. ಗಂಡನ ಸುದ್ದಿ ಬರಲೇ ಇಲ್ಲವಂತೆ. ಕಾಯುತ್ತಲೇ ತೀರಿಹೋದಳಂತೆ.

ಈಗ ನನಗೆ ಆಕೆಗೆ ಆಗ ಇದ್ದದ್ದರ ಎರಡರಷ್ಟು ವಯಸ್ಸು. ಅಂದು ಆಡಿದ ಮಾತಿಗೆ “ತಪ್ಪಾತ್ರೀ” ಎಂದು ನಾನು ಯಾವತ್ತೂ ಅನ್ನಲಿಲ್ಲ. ಉಡಿ ತುಂಬಿದೆನಲ್ಲ, ಅಷ್ಟು ಸಾಕೆಂದುಕೊಂಡಿದ್ದೆ. ಸಾಕಾಗಲಿಲ್ಲ.