ಅತ್ತೆ ಓದುತ್ತಿದ್ದ ಮೈಲಿ

ಜೋಳದ ರೊಟ್ಟಿ ಬಡಿದೂ ಬಡಿದೂ ನಮ್ಮ ಅತ್ತೆಯ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಅದೇ ಬೆರಳಿನಿಂದ ಕಾರಿನ ಪರದೆಯನ್ನು ಟಕಟಕ ಕುಟ್ಟಿ, "ಇದೊಂದು ಸಾಲು ಯಾಕ ಬ್ಯಾರೆ ಲೆಕ್ಕ ಹೇಳಾಕತ್ತೈತಿ?" ಎಂದು ಕೇಳಿದ್ದರು.

ಸಿಂಧನೂರಿನಲ್ಲಿ ಕೊಂಡ ಹಳೆಯ ಕಾರು ಅದು. ವೇಗ, ಓಡಿದ ದೂರ ಎಲ್ಲವೂ ಕಿಲೋಮೀಟರಿನಲ್ಲಿ. ಮುಂದಿನ ಸರ್ವಿಸಿಗೆ ಎಷ್ಟು ಬಾಕಿ ಎಂದು ತೋರಿಸುವ ಸಾಲು ಮಾತ್ರ ಮೈಲಿಯಲ್ಲಿ. ನಮ್ಮ ಮನೆಯವರು ಒಂದು ಭಾನುವಾರವಿಡೀ ಬಟನ್ ಒತ್ತಿದರು. ಉಳಿದದ್ದನ್ನೆಲ್ಲ ಮೈಲಿಗೆ ತಿರುಗಿಸಿದರೆ ಆ ಸಾಲು ಕಿಲೋಮೀಟರಿಗೆ ಜಿಗಿಯುತ್ತಿತ್ತು! ಮೆಕ್ಯಾನಿಕ್ ಕೂಡ ಕೈಚೆಲ್ಲಿದ. ಅತ್ತೆ ಮಗನಿಗೆ ಹೇಳಿದರು: "ಮನಿಗೊಂದು ಇಂಥಾದ್ದು ಇರತೈತಪಾ. ಅದರ ಕೂಡ ಜಗಳ ಬ್ಯಾಡ, ತನ್ನ ಪಾಡಿಗೆ ಇರಲಿ."

ನಾನು ಅಂಗನವಾಡಿ ಮೇಲ್ವಿಚಾರಕಿ. ಮನೆ ಮಸ್ಕಿಯಲ್ಲಿ, ಕೆಲಸ ಲಿಂಗಸುಗೂರಿನ ಸುತ್ತಲಿನ ಹಳ್ಳಿಗಳಲ್ಲಿ. ಬಸ್ಸನ್ನು ನೆಚ್ಚಿಕೊಂಡರೆ ಎರಡು ಊರು ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಕಾರು ಕೊಂಡದ್ದೇ ಅದಕ್ಕೆ. ಮೊದಲ ತಿಂಗಳಲ್ಲೇ ಭತ್ತ ಹೇರಿದ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದೆ. ಯಾರಿಗೂ ಏನೂ ಆಗಲಿಲ್ಲ, ನನ್ನ ಧೈರ್ಯ ಮಾತ್ರ ನುಚ್ಚುನೂರಾಯಿತು. ಕೀಲಿ ಹಿಡಿದರೆ ಕೈ ನಡುಗುತ್ತಿತ್ತು. ಕೆಲಸವನ್ನೇ ಬಿಡುತ್ತೇನೆಂದು ಊಟದ ಹೊತ್ತಿಗೆ ಹೇಳಿಬಿಟ್ಟೆ.

"ಬಿಡೋದು ಆಮ್ಯಾಲ," ಎಂದರು ಅತ್ತೆ. "ನಾಳೆ ನಾ ಮಗ್ಗಲದಾಗ ಕುಂಡ್ರತೀನಿ, ನಡಿ."

ಮರುದಿನ ಇಳಕಲ್ ಸೀರೆ ಉಟ್ಟು, ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಬೀಗರೂರಿಗೆ ಹೊರಟವರ ಹಾಗೆ ಬಂದು ಕೂತರು. "ನೀ ದಾರಿ ನೋಡು. ಎಣಿಸೋದು ನನ್ನ ಕೆಲಸ." ಲಿಂಗಸುಗೂರು ಮುಟ್ಟಿದಾಗ ಆ ಸರ್ವಿಸ್ ಸಾಲನ್ನು ಕುಟ್ಟಿ ತೋರಿಸಿದರು: "ನೋಡವಾ, ಬರೇ ಹದಿನೇಳು ಇಳದೈತಿ. ಇಷ್ಟಕ್ಕ ಯಾರರ ನೌಕರಿ ಬಿಡತಾರೇನು?"

ಕಿಲೋಮೀಟರಿನಲ್ಲಿ ಅದು ಇಪ್ಪತ್ತೇಳೆಂದು ನನಗೆ ಗೊತ್ತಿತ್ತು. ಆದರೆ ಹೆದರಿದ ಜೀವಕ್ಕೆ ಸಣ್ಣ ಅಂಕಿಯೇ ಹಿತ. ಮರುದಿನವೂ ಹೊರಟೆ, ಅದರ ಮರುದಿನವೂ. ಅತ್ತೆ ಅಂಗನವಾಡಿಗಳಲ್ಲಿ ಮಕ್ಕಳ ನಡುವೆ ಕೂತು ಉಪ್ಪಿಟ್ಟಿನ ರುಚಿ ನೋಡಿ, "ಉಪ್ಪು ಕಮ್ಮಿ" ಎಂದು ನನಗಿಂತ ದೊಡ್ಡ ಮೇಲ್ವಿಚಾರಕಿಯಾದರು. ಸರ್ವಿಸ್ ಆಗಿ ಅಂಕಿ ಮತ್ತೆ ಮೇಲೇರಿದರೆ ಅವರಿಗೆ ಸುಗ್ಗಿಯಲ್ಲಿ ಕಣಜ ತುಂಬಿದಷ್ಟು ಖುಷಿ.

ಒಮ್ಮೆ ತಡೆಯಲಾರದೆ ಹೇಳಿದೆ: "ಅತ್ತಿ, ಅದು ಮೈಲಿ ರೀ, ಕಿಲೋಮೀಟರ್ ಅಲ್ಲ."

"ನಮ್ಮಪ್ಪ ಸಾಯೋತನಾ ಮೈಲಿನಾಗಽ ದಾರಿ ಹೇಳಿದಾಂವ. ನನಗ ಗೊತ್ತಿಲ್ಲಂತ ತಿಳಿದಿಯೇನು? ನಿನ್ನ ಕೈ ನಡುಗೋದು ನಿಂತೈತಿಲ್ಲೋ?"

ನಿಂತಿತ್ತು. ಇವತ್ತಿಗೂ ನಾನು ಸಂಬಳ ತರುವ ಹೆಂಗಸಾಗಿದ್ದರೆ ಅದು ಅವರಿಂದ.

ಕಳೆದ ವರ್ಷ ಅವರ ಹೃದಯ ಸೋತಿತು. ಸಿಂಧನೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ವಾರದಲ್ಲೇ ತೀರಿಕೊಂಡರು. ನಾನು ಹೆಚ್ಚು ನೆನೆಯುವುದು ಮನೆಗೆ ಕರೆತಂದ ಆ ಮಧ್ಯಾಹ್ನವನ್ನು. "ಇನ್ನ ಮನೀಗೆ ಕರಕೊಂಡ ಹೋಗ್ರಿ," ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯವರ ಕೈ ಕೀಲಿ ಹಿಡಿಯಲಾರದೆ ನಡುಗಿತು. ನಾನು ಕೀಲಿ ಇಸಿದುಕೊಂಡೆ.

ರಸ್ತೆಯ ಅಂಚಿನುದ್ದಕ್ಕೂ ಭತ್ತ ಒಣಹಾಕಿದ್ದರು. ಮೆಲ್ಲಗೆ ಹೊರಟೆ. ಸ್ವಲ್ಪ ದೂರ ಬಂದು ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಮಗನ ತೊಡೆಯ ಮೇಲೆ ತಲೆಯಿಟ್ಟ ಅತ್ತೆಯ ಕಣ್ಣು ಮುಚ್ಚಿತ್ತು. ನನ್ನ ಜೀವ ಬಾಯಿಗೆ ಬಂತು.

"ಹೆದರಬ್ಯಾಡ, ನಿದ್ದಿ ಹತ್ತೈತಿ," ಎಂದರು ನಮ್ಮ ಮನೆಯವರು. "ನಿನ್ನ ಗಾಡ್ಯಾಗ ಕುಂಡ್ರಾಕ ಅವ್ವಗ ಮೊದಲಿಂದ ಭಾಳ ಅಂಜಿಕಿ ಇತ್ತು. ಒಮ್ಮಿನೂ ಕಣ್ಣು ಮುಚ್ಚಿಲ್ಲಂತ. ನಿನಗ ಹೇಳಬ್ಯಾಡ ಅಂದಿದ್ಲು."

ಅತ್ತೆಯ ನಿದ್ದೆ ಕೆಡದಂತೆ ಮಸ್ಕಿಯ ತನಕ ಓಡಿಸಿದೆ.