ಸೊರಗಿದ ಗಿಡಗಳನ್ನೇ ಆರಿಸಿದಳು ಸೊಪ್ಪಕ್ಕ

ಕೆಲವು ಕಳೆನಾಶಕಗಳು ಕಳೆಯ ಜೊತೆ ಸಾಯುವುದಿಲ್ಲ. ಗಿಡ ಒಣಗಿ, ಕೊಳೆತು, ಕಪ್ಪು ಗೊಬ್ಬರವಾದ ಮೇಲೂ ಅದರೊಳಗೆ ತಿಂಗಳುಗಟ್ಟಲೆ ತೆಪ್ಪಗೆ ಕೂತಿರುತ್ತವೆ. ಇದೇನು ಗುಟ್ಟಲ್ಲ, ಡಬ್ಬಿಯ ಮೇಲೆಯೇ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಓದಬೇಕಾದವರು ಓದಲಿಲ್ಲ. ಅದಕ್ಕೆ ತಲೆದಂಡ ತೆತ್ತವಳು ಸೊಪ್ಪಕ್ಕ.

ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಬೆರಳ ಗೆಣ್ಣು ಊದಿಸಿಕೊಂಡು ಮನೆಗೆ ಬಂದವಳು. ಲಾಂಡ್ರಿಯ ಹಿಂಗೋಡೆಗೆ ಅಂಟಿದ ಖಾಲಿ ಜಾಗದಲ್ಲಿ ಹದಿನಾಲ್ಕು ಮನೆಯವರು ತರಕಾರಿ ಪಾತಿ ಮಾಡಿಕೊಂಡಿದ್ದರು. ಅಷ್ಟಕ್ಕೂ ಗೊಬ್ಬರ ಇವಳದು. ಮೂರು ಗುಂಡಿ: ಒಂದು ತುಂಬುತ್ತಿರುತ್ತಿತ್ತು, ಒಂದು ಕೊಳೆಯುತ್ತಿರುತ್ತಿತ್ತು, ಒಂದು ಮಾಗಿರುತ್ತಿತ್ತು. ತುಂಬಿಸಲು ಕಾಲುವೆ ದಂಡೆಯ ತುರುಚೆ ಗಿಡ, ಕಾಡುಬಟಾಣಿ ಬಳ್ಳಿ, ಹೆಸರಿಲ್ಲದ ಅಗಲ ಎಲೆಯ ಗಿಡಗಳು. ತುರುಚೆಯನ್ನು ಬುಡದಿಂದ ಮೇಲಕ್ಕೆ ಸವರಿ ಗಟ್ಟಿಯಾಗಿ ಹಿಡಿದರೆ ಚುಚ್ಚುವುದಿಲ್ಲ, ಅಂಜುತ್ತ ಮುಟ್ಟಿದರೆ ಮಾತ್ರ ಉರಿ ಎಂದು ಅವಳು ಎಲ್ಲರಿಗೂ ಹೇಳಿಕೊಡುತ್ತಿದ್ದಳು. ಯಾರೂ ಕಲಿಯಲಿಲ್ಲ. ಗೊಬ್ಬರ ಮಾತ್ರ ಎಲ್ಲರಿಗೂ ಬೇಕಿತ್ತು.

ಹಸಿ ಸೊಪ್ಪನ್ನು ಅವಳು ನೇರವಾಗಿ ಗುಂಡಿಗೆ ಹಾಕುತ್ತಿರಲಿಲ್ಲ. ನೀರು ತುಂಬಿದ ಸೊಪ್ಪು ಲೋಳೆಯಾಗಿ ನಾರುತ್ತದೆ. ಕೊಯ್ದು, ದಂಡೆಯ ಮೇಲೇ ಒಂದು ದಿನ ಬಾಡಲು ಬಿಟ್ಟು, ಮರುದಿನ ಹೊತ್ತು ತರುತ್ತಿದ್ದಳು. ಹೀಗೆ ಒಂದೊಂದು ಹೊರೆಗೂ ಎರಡೆರಡು ನಡಿಗೆ. ಆ ವರ್ಷ ಒಂದು ಬೆಳಿಗ್ಗೆ ಹೋದರೆ ಗಿಡಗಳು ನಿಂತಲ್ಲೇ ಬಾಡಿದ್ದವು. ಕಾಂಡ ಸೊಟ್ಟಗಾಗಿ ತಲೆ ಜೋತುಬಿದ್ದಿತ್ತು. ಒಂದು ನಡಿಗೆ ಉಳಿಯಿತು ಎಂದು ಅವಳಿಗೆ ಹಿಗ್ಗು. ನಡುವೆ ಹುಲ್ಲು ಮಾತ್ರ ಹಸಿರಾಗಿಯೇ ನಿಂತಿತ್ತು. ಅದನ್ನೂ ನೋಡಿದಳು. ನೋಡಿದಳಷ್ಟೇ.

ಮನೆ ಬಾಗಿಲಲ್ಲಿ ಗಡಿಯಾರ ರಿಪೇರಿ ಮಾಡುತ್ತ ಕೂತಿದ್ದ ಗಂಡ ಕಣ್ಣಿನ ಮಸೂರ ತೆಗೆಯದೆಯೇ ಹೇಳಿದ: "ಬಂದ್ಲಪ್ಪ, ಹಸುವಿನ ಸವತಿ. ಇವತ್ತೇನು ನಾಲ್ಕು ಹೊರೆ?"

"ಬಾಡಿದ್ದೇ ಸಿಕ್ತು ರೀ. ಹತ್ತಿ ಹೊತ್ತ ಹಾಗಿದೆ."

"ನೋಡ್ಕೊ, ನಾಳೆ ಗೊಬ್ಬರಾನೇ ನಡ್ಕೊಂಡು ಮನೆಗೆ ಬರುತ್ತೆ."

ನಾಲ್ಕು ತಿಂಗಳಲ್ಲಿ ಗೊಬ್ಬರ ಮಾಗಿತು. ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ನೆಲದ ವಾಸನೆ. ಹದಿನಾಲ್ಕು ಪಾತಿಗೂ ಅವಳೇ ಹರಡಿದಳು. ಹುರುಳಿಕಾಯಿ ಮೊಳೆಯಿತು, ಎರಡೆಲೆ ಬಿಟ್ಟಿತು. ಮೂರನೆಯದು ಮುಷ್ಟಿಯಂತೆ ಮಡಚಿಕೊಂಡಿತು. ಟೊಮೆಟೊ ಕುಡಿಗಳು ಹುರಿ ಹೊಸೆದ ಹಾಗೆ ತಿರುಚಿದವು. ಜೋಳ ಮಾತ್ರ ತನಗೇನೂ ಗೊತ್ತಿಲ್ಲ ಎಂಬಂತೆ ಬೆಳೆಯಿತು.

ತೋಟದ ಯಜಮಾನಿಕೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರದು. ಎಲ್ಲರ ಬಾಯಲ್ಲಿ ಅಂಚೆ ಮಾವ.

"ಏನಮ್ಮಾ ಹಾಕಿದೆ ಗುಂಡಿಗೆ?"

"ಸೊಪ್ಪು ಮಾವ. ಪ್ರತಿ ವರ್ಷ ಹಾಕೋ ಸೊಪ್ಪೇ."

"ಸೊಪ್ಪು ಹಾಕಿದ್ರೆ ಹೀಗಾಗುತ್ತಾ? ಆಸ್ಪತ್ರೆ ಕಸಾನೂ ಸೇರಿಸಿದ್ಯೇನು, ನಿಜ ಹೇಳು."

ಪಕ್ಕದ ಪಾತಿಯ ಬಾಣಂತಿ ಕೂಗಾಡಲಿಲ್ಲ. "ಮಗು ಅನ್ನ ತಿನ್ನೋ ಹೊತ್ತಿಗೆ ಕಾಯಿ ಬರುತ್ತೆ ಅಂದ್ಕೊಂಡಿದ್ದೆ ಅಕ್ಕಾ" ಎಂದಳು. ಜಗತ್ತಿನಲ್ಲಿ ಸೊಪ್ಪಕ್ಕನದೆಂದು ಇದ್ದದ್ದು ಆ ಮೂರು ಗುಂಡಿ, ಮತ್ತು ಇವಳ ಕೈಯಿಂದ ಬಂದದ್ದು ಕೆಡುವುದಿಲ್ಲ ಎಂಬ ಹೆಸರು.

ಎಂಟು ಹಳೇ ಲೋಟಗಳಲ್ಲಿ ಅವಳು ಹುರುಳಿಕಾಯಿ ಬೀಜ ಊರಿದಳು. ನಾಲ್ಕಕ್ಕೆ ಚೀಲದಲ್ಲಿ ಉಳಿದಿದ್ದ ಹಿಂದಿನ ವರ್ಷದ ಗೊಬ್ಬರ, ನಾಲ್ಕಕ್ಕೆ ಈ ವರ್ಷದ್ದು. ಮೂರು ವಾರ ಲೋಟ ಇಟ್ಟ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಹಳೆಯವು ನೆಟ್ಟಗೆ ಎದ್ದವು, ಹೊಸವು ಮುದುಡಿದವು. ಆಗ ಅವಳಿಗೆ ಆ ಹಸಿರು ಹುಲ್ಲು ನೆನಪಾಯಿತು: ದಂಡೆಯಲ್ಲಿ ಅಗಲ ಎಲೆಯವು ಬಾಡಿ ಹುಲ್ಲು ಮಾತ್ರ ಉಳಿದಿತ್ತು, ಪಾತಿಯಲ್ಲೂ ಹುಲ್ಲಿನ ಜಾತಿಯ ಜೋಳ ಮಾತ್ರ ಉಳಿದಿತ್ತು. ಕಾಲುವೆಯ ಗೇಟು ತಿರುಗಿಸುವವನನ್ನು ಕೇಳಿದಳು. "ಹೂಂ, ಬೆನ್ನಿಗೆ ಡಬ್ಬಿ ಕಟ್ಕೊಂಡು ಇಬ್ರು ಬಂದಿದ್ರಲ್ಲ, ಔಷಧಿ ಹೊಡ್ಯೋಕೆ" ಎಂದ.

ಕಾಲುವೆ ಕಚೇರಿಯ ಸಾಹೇಬರು ಅವಳು ಹೊತ್ತು ತಂದ ಲೋಟಗಳನ್ನು ನೋಡಿದರು, ಗಡಿಯಾರ ನೋಡಿದರು.

"ಹೊಡೆಸಿದ್ದು ಹೌದು. ದಂಡೆ ಕ್ಲೀನ್ ಇರ್ಬೇಕಲ್ಲ."

"ಒಂದು ಬೋರ್ಡ್ ಹಾಕ್ಬಾರ್ದಿತ್ತಾ ಸ್ವಾಮಿ?"

"ಯಾರಿಗೆ ಅಂತ ಹಾಕೋದು? ಕಳೆ ಹೊತ್ಕೊಂಡು ಹೋಗೋರು ಇರ್ತಾರೆ ಅಂತ ನಮಗೇನು ಕನಸು ಬೀಳುತ್ತಾ?"

"ಹೊಡೆಸಿದ್ವಿ ಅಂತ ಒಂದು ಚೀಟಿ ಬರೆದುಕೊಡಿ. ನಮ್ಮ ಜನಕ್ಕೆ ತೋರಿಸ್ತೀನಿ."

"ಹಾಗೆಲ್ಲ ಬರೆದುಕೊಡೋಕೆ ಬರಲ್ಲಮ್ಮ."

ಬಾಯಲ್ಲಿ ಒಪ್ಪಿಕೊಂಡಿದ್ದನ್ನು ಕಾಗದದ ಮೇಲೆ ಒಪ್ಪಿಕೊಳ್ಳಲು ಕೈ ಬರಲಿಲ್ಲ, ಆ ಮನುಷ್ಯನಿಗೆ ಅದೊಂದು ಅನ್ಯಾಯವೆಂದೂ ಅನ್ನಿಸಲಿಲ್ಲ. ಆಯುಷ್ಯವೆಲ್ಲ ಕಾಗದ ಹಂಚಿ ಬದುಕಿದ ಅಂಚೆ ಮಾವನಿಗೆ ಕಾಗದವೇ ಬೇಕಿತ್ತು. "ಲೋಟ ತೋರಿಸಿದ್ರೆ ಯಾರು ನಂಬ್ತಾರೆ? ನೀನೇ ಬಿಸಿನೀರು ಹುಯ್ದಿರಬಹುದು" ಎಂದರು. ಮುಂದಿನ ಭಾನುವಾರ ಎಲ್ಲರೂ ಸೇರಿ ಮೂರೂ ಗುಂಡಿಗೆ ಒಡೆದ ಇಟ್ಟಿಗೆ, ಗಾರೆ ಚೂರು ಸುರಿದು ಮುಚ್ಚಿದರು. ಅವಳ ಗೊಬ್ಬರ ಹತ್ತು ವರ್ಷ ತಿಂದ ನೆಲದ ಮೇಲೆ ನಿಂತೇ ಮುಚ್ಚಿದರು. ಅವಳು ಬೇಲಿಯ ಹೊರಗೆ ನಿಂತು ನೋಡಿ, ಮನೆಗೆ ಹೋದಳು.

ಈಗ ಅವಳು ಕಾಲುವೆ ಕಡೆ ಹೋಗುವುದಿಲ್ಲ. ತುರುಚೆ ಮತ್ತೆ ಎದೆಯೆತ್ತರ ಬೆಳೆದಿದೆ. ಕೊಯ್ಯುವವರಿಲ್ಲ, ಆದ್ದರಿಂದ ಡಬ್ಬಿಯವರು ಮತ್ತೆ ಬರುತ್ತಾರೆ. ಗಂಡ ಈಚೆಗೆ ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ. ಕತ್ತಲಾಗುವ ಮೊದಲೇ ಆ ಮನೆಯ ಬಾಗಿಲು ಹಾಕಿರುತ್ತದೆ.

ನಿಮ್ಮ ಬೀದಿಯ ಅಂಚಿಗೂ ಔಷಧಿ ಹೊಡೆಯುತ್ತಾರೆ. ನೀವು ಮೂಗು ಮುಚ್ಚಿಕೊಂಡು ದಾಟಿ ಹೋಗಿದ್ದೀರಿ. ಇನ್ನು ದಾಟಬೇಡಿ. ಅಡ್ಡ ನಿಲ್ಲಿ. ಯಾವ ಔಷಧಿ, ಯಾವತ್ತು ಹೊಡೆದದ್ದು, ಎಷ್ಟು ದಿನ ಉಳಿಯುತ್ತದೆ ಎಂದು ಕಣ್ಣಿಗೆ ರಾಚುವ ಅಕ್ಷರದಲ್ಲಿ ಬರೆಸಿ, ಕೆಳಗೆ ಸಾಹೇಬರ ಸಹಿ ಹಾಕಿಸಿ, ಬೋರ್ಡು ನೆಡಿಸಿ. ಅಲ್ಲಿಯವರೆಗೆ ಒಂದು ಹನಿ ನೆಲಕ್ಕೆ ಬೀಳಲು ಬಿಡಬೇಡಿ.